ಕಾರಿಗೊಂದು ಆಪತ್ತಿನ ಬುತ್ತಿ

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯಲು ಶುರು ಮಾಡಿದಾಗ ಸಂಜೆ ಆರೂವರೆ. ಜೂನ್ ತಿಂಗಳ ಎರಡನೇ ವಾರ. ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿತ್ತು, ಕಣಿವೆಯಿಂದ ಮಂಜು ಏರಿ ರಸ್ತೆಯನ್ನು ಮುಚ್ಚುತ್ತಿತ್ತು. ನಾಲ್ಕು ತಿರುವು ಇಳಿದಿರಲಿಲ್ಲ, ಮುಂದಿದ್ದ ಬಸ್ಸು ನಿಂತಿತು. ಅದರಾಚೆ ಲಾರಿ, ಲಾರಿಯಾಚೆ ಸಾಲುಸಾಲು ಕೆಂಪು ದೀಪ. ಧರೆ ಕುಸಿದು ಮರವೊಂದು ರಸ್ತೆಗೆ ಅಡ್ಡ ಬಿದ್ದಿದೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಮೇಲಕ್ಕೆ ಬಂತು. ಮೊಬೈಲಿನಲ್ಲಿ ಒಂದು ಗೆರೆ ಸಿಗ್ನಲ್ಲೂ ಇರಲಿಲ್ಲ. ಕಾರಿನಲ್ಲಿ ಹೆಂಡತಿ, ಆರು ವರ್ಷದ ಮಗಳು, ಎಪ್ಪತ್ತು ದಾಟಿದ ಅಮ್ಮ.

ಕತ್ತಲಾದ ಮೇಲೆ ಡಿಕ್ಕಿ ತೆರೆದೆ. ಅಲ್ಲೊಂದು ಟಾರ್ಚ್ ಇತ್ತು. ಗುಂಡಿ ಒತ್ತಿದರೆ ಹತ್ತಲಿಲ್ಲ. ಬಿಚ್ಚಿ ನೋಡಿದರೆ ಸೆಲ್ಲುಗಳು ಸೋರಿ ಬಿಳಿ ಪುಡಿ ಕಟ್ಟಿಕೊಂಡಿದ್ದವು. ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿದ್ದ ಪ್ಲಾಸ್ಟರಿನ ಅಂಟು ಕರಗಿ ಕಾಗದಕ್ಕೇ ಹಿಡಿದಿತ್ತು. ಮಗಳಿಗೆಂದು ಇಟ್ಟಿದ್ದ ಚಾಕೊಲೇಟು ಯಾವಾಗಲೋ ನೀರಾಗಿ, ಮತ್ತೆ ಗಟ್ಟಿಯಾಗಿ, ಹೊದಿಕೆಗೆ ಮೆತ್ತಿಕೊಂಡಿತ್ತು. ಕುಡಿಯಲು ಉಳಿದದ್ದು ಅರ್ಧ ಬಾಟಲಿ ನೀರು.

ಹಿಂದಿನ ಜೀಪಿನಿಂದ ಹಿರಿಯರೊಬ್ಬರು ಇಳಿದು ಬಂದರು. ಕೈಯಲ್ಲಿ ಮಡಿಚಿದ ಕಂಬಳಿ.

"ಮಗೀಗೆ ಚಳಿ ಹಿಡೀತದೆ ಮಾರಾಯ್ರೆ, ಇದನ್ನ ಹೊದೆಸಿ. ಅಮ್ಮನಿಗೆ ಬಿಸಿನೀರು ಬೇಕಾ? ಪ್ಲಾಸ್ಕಿನಲ್ಲಿ ಉಂಟು."

ಅವರ ಜೀಪಿನ ಹಿಂದೆ ಒಂದು ಅಡಿಕೆ ಚೀಲವಿತ್ತು. ಅದರೊಳಗಿಂದ ಟಾರ್ಚ್, ಹಗ್ಗ, ಕತ್ತಿ, ಅವಲಕ್ಕಿ, ಬೆಲ್ಲ, ಇಂಬಳಕ್ಕೆಂದು ಉಪ್ಪಿನ ಪೊಟ್ಟಣ ಎಲ್ಲ ಒಂದೊಂದಾಗಿ ಹೊರಗೆ ಬಂದವು. "ಮೃಗಶಿರಾ ಹುಟ್ಟೂಕೆ ಮುಂಚೆ ಈ ಚೀಲ ಜೀಪಿಗೆ ಬೀಳ್ತದೆ. ಇಲ್ದಿದ್ರೆ ನಾನು ಘಾಟಿ ಇಳಿಯೂದೇ ಇಲ್ಲ" ಅಂದರು.

ರಾತ್ರಿ ಎರಡಕ್ಕೆ ದಾರಿ ತೆರೆಯಿತು. ಮನೆಗೆ ಬಂದು ಎಷ್ಟೋ ದಿನ ಆ ಟಾರ್ಚಿನ ಬಗ್ಗೆಯೇ ಯೋಚಿಸಿದೆ. ಅದನ್ನು ನಾನು ಡಿಕ್ಕಿಯಲ್ಲಿ ಇಟ್ಟದ್ದು ಸುಳ್ಳಲ್ಲ. ಆದರೆ ಏಪ್ರಿಲ್‌ನಲ್ಲಿ ಅದೇ ಕಾರು ಮದುವೆಯೊಂದಕ್ಕೆ ಕಲಬುರಗಿಗೆ ಹೋಗಿ, ಮೂರು ದಿನ ನೆರಳಿಲ್ಲದ ಬಯಲಿನಲ್ಲಿ ನಿಂತಿತ್ತು. ಟಾರ್ಚು ಕೆಟ್ಟದ್ದು ಅಲ್ಲಿಯೇ ಇರಬೇಕು. ನನಗೆ ಗೊತ್ತಾದದ್ದು ಮಾತ್ರ ಚಾರ್ಮಾಡಿಯಲ್ಲಿ.

ಆ ರಾತ್ರಿ ಕಲಿತದ್ದು ಇಷ್ಟು: ನಮ್ಮ ನಾಡಿನಲ್ಲಿ ಬಿಸಿಲು ಕೆಡಿಸಿದ್ದನ್ನು ಮಳೆ ತೋರಿಸಿಕೊಡುತ್ತದೆ. ಟಾರ್ಚಿಗೆ ಮಾತ್ರವಲ್ಲ, ಟೈರು, ಬ್ಯಾಟರಿ, ವೈಪರ್‌ಗಳಿಗೂ ಈ ಮಾತು ಸಲ್ಲುತ್ತದೆ. ಒಮ್ಮೆ ಕಟ್ಟಿ ಮರೆತುಬಿಟ್ಟ ಚೀಲ ಇಲ್ಲಿ ಆಪತ್ತಿಗೆ ಆಗಿಬರುವುದಿಲ್ಲ.

ಬಂಡಿಯ ಕಾಲದ ಬುದ್ಧಿ

ಎತ್ತಿನ ಬಂಡಿಯಲ್ಲಿ ಜಾತ್ರೆಗೋ ಸಂತೆಗೋ ಹೊರಟ ಹಿರಿಯರು ಬರಿಗೈಯಲ್ಲಿ ಹೊರಡುತ್ತಿರಲಿಲ್ಲ. ಬಂಡಿಯ ಅಡಿಯಲ್ಲಿ ಲಾಟೀನು ತೂಗುತ್ತಿತ್ತು. ಕೀಲೆಣ್ಣೆ, ಹಗ್ಗ, ಎತ್ತಿಗೆ ಹುಲ್ಲು, ಮನುಷ್ಯರಿಗೆ ಬುತ್ತಿ, ಹೊದೆಯಲು ಕಂಬಳಿ ಜೊತೆಗಿರುತ್ತಿದ್ದವು. ದಾರಿಯಲ್ಲಿ ರಾತ್ರಿಯಾಗಬಹುದು, ಹಳ್ಳ ತುಂಬಿ ಈಚೆ ದಡದಲ್ಲೇ ಕಾಯಬೇಕಾಗಬಹುದು ಎಂಬುದು ಅವರಿಗೆ ಪಯಣದ ಲೆಕ್ಕದಲ್ಲೇ ಸೇರಿದ ಸಂಗತಿ.

ಕಾರು ಬಂದ ಮೇಲೆ ಆ ಲೆಕ್ಕ ಕೈಬಿಟ್ಟುಹೋಯಿತು. ಇಷ್ಟು ಗಂಟೆಯಲ್ಲಿ ಮಂಗಳೂರು, ಇಷ್ಟು ಗಂಟೆಯಲ್ಲಿ ಕಲಬುರಗಿ ಎಂದು ಮೊಬೈಲಿನ ನಕ್ಷೆ ಹೇಳುತ್ತದೆ, ನಾವು ನಂಬಿ ಹೊರಡುತ್ತೇವೆ. ನಕ್ಷೆಗೆ ಧರೆ ಕುಸಿಯುವುದು ಮೊದಲೇ ತಿಳಿಯುವುದಿಲ್ಲ. 2018ರ ಜೂನ್‌ನಲ್ಲಿ ಚಾರ್ಮಾಡಿಯಲ್ಲಿ ಮಣ್ಣು ಕುಸಿದಾಗ ನೂರಾರು ವಾಹನಗಳು ರಾತ್ರಿಯಿಡೀ ಘಾಟಿಯಲ್ಲೇ ಉಳಿದವು. ಅದೇ ವರ್ಷ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿ ಮಡಿಕೇರಿ–ಸಂಪಾಜೆ ದಾರಿಯೇ ಮುರಿಯಿತು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡವೇ ಬಿತ್ತು. ಚಹಾದಂಗಡಿಯನ್ನೂ ಅಲ್ಲಿ ನಿಂತಿದ್ದವರನ್ನೂ ವಾಹನಗಳನ್ನೂ ಅದು ಗಂಗಾವಳಿ ನದಿಗೆ ತಳ್ಳಿತು. ಲಾರಿಯೊಂದು ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ.

ಶಿರೂರಿನಂಥ ದುರಂತಕ್ಕೆ ಯಾವ ಚೀಲವೂ ಉತ್ತರವಲ್ಲ. ಗುಡ್ಡ ಕಡಿದ ರೀತಿಗೆ, ರಸ್ತೆ ಅಗಲ ಮಾಡಿದ ರೀತಿಗೆ ಉತ್ತರ ಹೇಳಬೇಕಾದವರು ಬೇರೆ ಇದ್ದಾರೆ. ಆದರೆ ಅಂಥ ದಿನ ಹಿಂದೆ ಸಾಲುಗಟ್ಟಿ ನಿಂತ ಸಾವಿರಾರು ಜನರ ರಾತ್ರಿ ಹೇಗೆ ಕಳೆಯುತ್ತದೆ ಎಂಬುದು ಅವರವರ ಕಾರಿನಲ್ಲಿ ಏನಿದೆ ಎಂಬುದರ ಮೇಲೆ ನಿಂತಿರುತ್ತದೆ.

ಬಿಸಿಲು ಮಾಡುವ ಕೆಲಸ

ರಾಯಚೂರು, ಕಲಬುರಗಿ, ಯಾದಗಿರಿ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದಲ್ಲ. ತಂಪಿನ ಊರೆಂಬ ಹೆಸರಿನ ಬೆಂಗಳೂರು ಕೂಡ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡಿದೆ. ಇದು ನೆರಳಿನಲ್ಲಿ ಅಳೆದ ಲೆಕ್ಕ. ಬಿಸಿಲಿಗೆ ನಿಂತ, ಗಾಜು ಏರಿಸಿದ ಕಾರಿನೊಳಗೆ ಶಾಖ ಇನ್ನೂ 15–20 ಡಿಗ್ರಿ ಏರುತ್ತದೆ. ಗಾಜಿನ ಮೂಲಕ ಒಳಬಂದ ಬಿಸಿಲು ಸೀಟು, ಡ್ಯಾಶ್‌ಬೋರ್ಡುಗಳನ್ನು ಕಾಯಿಸುತ್ತದೆ, ಅವು ಉಗುಳುವ ಶಾಖ ಹೊರಗೆ ಹೋಗಲಾರದೆ ಒಳಗೇ ಉಳಿಯುತ್ತದೆ. ಈ ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಮುಗಿದಿರುತ್ತದೆ. ಗಾಜನ್ನು ಎರಡು ಬೆರಳು ಇಳಿಸಿಟ್ಟರೂ ಹೆಚ್ಚಿನ ಉಪಯೋಗವಿಲ್ಲ. "ಐದೇ ನಿಮಿಷ, ಅಂಗಡಿಗೆ ಹೋಗಿ ಬರ್ತೀನಿ" ಎಂದು ಮಗುವನ್ನೋ ವಯಸ್ಸಾದವರನ್ನೋ ನಾಯಿಯನ್ನೋ ಒಳಗೆ ಬಿಡುವುದು ಯಾವ ಕಾರಣಕ್ಕೂ ಬೇಡ. ಮಗುವಿನ ಮೈ ದೊಡ್ಡವರ ಮೈಗಿಂತ ಬಹಳ ಬೇಗ ಕಾಯುತ್ತದೆ.

ಕಾರಿನಲ್ಲಿ ಇಡಬಾರದ ವಸ್ತುಗಳ ಪಟ್ಟಿ ಇಲ್ಲಿಂದ ಹುಟ್ಟುತ್ತದೆ. ಇನ್ಸುಲಿನ್ ಒಂದು ಮಧ್ಯಾಹ್ನದಲ್ಲೇ ಕೆಡಬಹುದು. ಹೆಚ್ಚಿನ ಮಾತ್ರೆಗಳ ಮೇಲೆ 25 ಅಥವಾ 30 ಡಿಗ್ರಿಯೊಳಗೆ ಇಡಬೇಕೆಂದು ಬರೆದಿರುತ್ತದೆ, ಡಿಕ್ಕಿಯಲ್ಲಿ ಬೇಸಿಗೆ ಕಳೆದ ಮಾತ್ರೆಯನ್ನು ನಂಬುವಂತಿಲ್ಲ. ಪವರ್ ಬ್ಯಾಂಕ್, ಸಿಗರೇಟು ಲೈಟರ್, ಸುಗಂಧದ ಸ್ಪ್ರೇ ಡಬ್ಬಿ, ಸ್ಯಾನಿಟೈಸರ್ ಇವು ಬೆಂಕಿಗೆ ದಾರಿ ಮಾಡಬಹುದಾದ ವಸ್ತುಗಳು. ಔಷಧಿ ಮತ್ತು ಪವರ್ ಬ್ಯಾಂಕ್ ಒಂದು ಸಣ್ಣ ಕೈಚೀಲದಲ್ಲಿರಲಿ. ಅದು ಕಾರಿನಲ್ಲಿ ವಾಸ ಮಾಡದೆ ನಮ್ಮ ಜೊತೆ ಹತ್ತಿ, ನಮ್ಮ ಜೊತೆ ಇಳಿಯಲಿ. ಟಾರ್ಚಿನ ಸೆಲ್ಲುಗಳನ್ನು ಹೊರಗೆ ತೆಗೆದು ಬೇರೆ ಪೊಟ್ಟಣದಲ್ಲಿ ಕಟ್ಟಿಡಿ. ಹಾಗೆ ಮಾಡಿದರೆ ಸೆಲ್ಲು ಸೋರಿದರೂ ಟಾರ್ಚ್ ಉಳಿಯುತ್ತದೆ.

ನೀರಿನ ವಿಷಯದಲ್ಲಿ ಜಿಪುಣತನ ಬೇಡ. ತಲೆಗೆ ಎರಡು ಲೀಟರ್, ಅದರ ಮೇಲೆ ಐದು ಲೀಟರಿನ ಒಂದು ಕ್ಯಾನ್. ಪ್ಲಾಸ್ಟಿಕ್ ಬಾಟಲಿಯ ನೀರು ಬಿಸಿಲಿಗೆ ವಾಸನೆ ಬರುತ್ತದೆ, ಸ್ಟೀಲ್ ಬಾಟಲಿಯೇ ಲೇಸು. ಹೊರಡುವ ದಿನ ಬೆಳಿಗ್ಗೆ ಹೊಸ ನೀರು ತುಂಬಿಸಿ. ಜೊತೆಗೆ ಓಆರ್‌ಎಸ್ ಪೊಟ್ಟಣ ನಾಲ್ಕು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಒಂದು ಪೊಟ್ಟಣವನ್ನು ಪೂರ್ತಿ ಕಲಸಬೇಕು. ಅದಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚವೆಂದರೆ ಟೀ ಚಮಚ.

ತಿನ್ನುವುದಕ್ಕೆ ನಮ್ಮ ನಾಡಿನ ಬುತ್ತಿಗಿಂತ ಒಳ್ಳೆಯದು ಬೇರೆ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿಗಡಲೆ, ಬೆಲ್ಲ, ಶೇಂಗಾ ಚಿಕ್ಕಿ, ಒಣ ಅವಲಕ್ಕಿ. ನೀರಿನಂಶ ಇಲ್ಲದ ಈ ತಿನಿಸುಗಳಿಗೆ ಬಿಸಿಲಿನ ಭಯವಿಲ್ಲ. ಖಡಕ್ ರೊಟ್ಟಿ ಹುಟ್ಟಿದ್ದೇ ಬಿಸಿಲ ನಾಡಿನಲ್ಲಿ, ಬುತ್ತಿಗೆ ಹೇಳಿ ಮಾಡಿಸಿದಂಥ ತಿನಿಸು.

ಬಿಸಿಲಾಘಾತದ ಗುರುತು ತಿಳಿದಿರಬೇಕು. ಮೈ ಬೆಂಕಿಯಂತೆ ಸುಡುತ್ತಿದ್ದು, ಮಾತು ತೊದಲಿ, ದಿಕ್ಕು ತಪ್ಪಿದವರಂತೆ ವರ್ತಿಸಿದರೆ ಅದು ಬರೀ ಸುಸ್ತಲ್ಲ, ಜೀವಕ್ಕೆ ಅಪಾಯ. ಕೂಡಲೇ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆ ನೀರು ಸುರಿದು, ಒದ್ದೆ ಟವೆಲು ಹೊದೆಸಿ ಗಾಳಿ ಬೀಸಬೇಕು. ಕಂಕುಳು, ಕುತ್ತಿಗೆ, ತೊಡೆಸಂದಿಗೆ ತಣ್ಣನೆಯ ಬಟ್ಟೆ ಇಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು. 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಬರುವವರೆಗೂ ತಂಪು ಮಾಡುತ್ತಲೇ ಇರಬೇಕು. ಇದಕ್ಕಾಗಿ ಚೀಲದಲ್ಲಿ ಎರಡು ದೊಡ್ಡ ಹತ್ತಿ ಟವೆಲುಗಳಿರಲಿ.

ಟೈರು, ಬ್ಯಾಟರಿ, ವೈಪರ್

ಬೇಸಿಗೆಯಲ್ಲಿ ಟೈರು ಸಿಡಿಯುತ್ತದೆಂದು ಗಾಳಿ ಕಡಿಮೆ ಮಾಡಿಸುವ ರೂಢಿ ನಮ್ಮಲ್ಲಿದೆ. ಇದು ತಪ್ಪು. ಗಾಳಿ ಕಡಿಮೆಯಾದಷ್ಟೂ ಟೈರಿನ ಪಕ್ಕೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಒಳಗಿನಿಂದ ಕಾಯುತ್ತದೆ, ಕಾದ ಟೈರು ಹೆದ್ದಾರಿಯ ವೇಗದಲ್ಲಿ ಹರಿದುಹೋಗುತ್ತದೆ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟೇ ಗಾಳಿ ಇರಬೇಕು, ಬೆಳಿಗ್ಗೆ ಟೈರು ತಣ್ಣಗಿದ್ದಾಗಲೇ ನೋಡಿಸಬೇಕು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಎಂದಿದ್ದರೆ ಅದು 2021ರ 23ನೇ ವಾರ ತಯಾರಾದದ್ದು. ಅಚ್ಚು ಚೆನ್ನಾಗಿದ್ದರೂ ವರ್ಷಗಳ ಬಿಸಿಲಿಗೆ ರಬ್ಬರು ಬಿರಿಯುತ್ತದೆ. ಅಚ್ಚಿನ ಆಳ ಕಾನೂನಿನ ಪ್ರಕಾರ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಮಲೆನಾಡಿನ ಮಳೆಗೆ 3 ಮಿ.ಮೀ. ಆದರೂ ಬೇಕು, ಇಲ್ಲದಿದ್ದರೆ ಟೈರು ನೀರನ್ನು ಹೊರಗೆ ತಳ್ಳಲಾರದೆ ಅದರ ಮೇಲೆ ಜಾರುತ್ತದೆ.

ಸ್ಟೆಪ್ನಿಯ ಕಡೆಗೂ ಕಣ್ಣಿರಲಿ. ವೇಲ್ಸ್‌ನ ಲ್ಯಾನೆಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹುಟ್ಟಿದ ಬದಲಿ ಚಕ್ರಕ್ಕೆ ಆ ಬೀದಿಯ ಹೆಸರೇ ಬಂತು, ಅದು ನಮ್ಮ ಹಳ್ಳಿಯ ಪಂಕ್ಚರ್ ಅಂಗಡಿಯವರೆಗೂ ಬಂದು ಕನ್ನಡದ್ದೇ ಆಯಿತು. ಈಗಿನ ಕೆಲವು ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ. ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಸರಿಪಡಿಸುವ ಸಲಕರಣೆ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ನಿಯಮ ಬದಲಾಯಿತು. ನಿಮ್ಮ ಕಾರಿನಲ್ಲಿ ಯಾವುದಿದೆ ಎಂದು ಮನೆಯ ಅಂಗಳದಲ್ಲೇ ನೋಡಿಕೊಳ್ಳಿ. ಸ್ಟೆಪ್ನಿ ಇದ್ದರೆ ಅದರಲ್ಲಿ ಗಾಳಿ ಇದೆಯೇ, ಜ್ಯಾಕ್ ತಿರುಗುತ್ತದೆಯೇ, ನಟ್ಟು ಬಿಚ್ಚಲು ಬರುತ್ತದೆಯೇ ಪರೀಕ್ಷಿಸಿ. ಒಂದು ಅಡಿ ಉದ್ದಗಲದ ಗಟ್ಟಿ ಹಲಗೆಯೂ ಜೊತೆಗಿರಲಿ. ಮಳೆಗೆ ನೆನೆದ ಮಣ್ಣಿನಲ್ಲಿ ಹಲಗೆ ಇಲ್ಲದೆ ಜ್ಯಾಕ್ ಕೊಟ್ಟರೆ ಅದು ಹೂತುಹೋಗುತ್ತದೆ, ಕಾರು ಮೇಲೇಳುವುದಿಲ್ಲ.

ಬ್ಯಾಟರಿಯ ಆಯಸ್ಸನ್ನು ತಿನ್ನುವುದು ಬೇಸಿಗೆಯ ಶಾಖ. ಅದು ಕೈಕೊಡುವುದು ಮಾತ್ರ ಹೆಡ್‌ಲೈಟು, ವೈಪರ್, ಎಸಿ ಎಲ್ಲ ಒಟ್ಟಿಗೆ ಕೆಲಸ ಮಾಡಬೇಕಾದ ಮಳೆಯ ರಾತ್ರಿ. ಜಂಪರ್ ಕೇಬಲ್ ಇಟ್ಟುಕೊಳ್ಳಿ, ಜೋಡಿಸುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಅದಕ್ಕೇ ಕಟ್ಟಿಡಿ: ಕೆಂಪು ತುದಿ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯದು ಕೆಟ್ಟ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ. ವೈಪರಿನ ರಬ್ಬರು ಬಿಸಿಲಿಗೆ ಗಟ್ಟಿಯಾಗಿ ಮೊದಲ ಮಳೆಗೆ ಗಾಜನ್ನು ಒರೆಸದೆ ಬಳಿಯುತ್ತದೆ. ಮೇ ಮುಗಿಯುವುದರೊಳಗೆ ಬದಲಿಸಿದರೆ ಘಾಟಿಯಲ್ಲಿ ಕಣ್ಣು ಕಾಣುತ್ತದೆ. ರೇಡಿಯೇಟರ್ ಕುದಿದರೆ ಬದಿಗೆ ನಿಲ್ಲಿಸಿ, ಪೂರ್ತಿ ಆರುವ ತನಕ ಮುಚ್ಚಳಕ್ಕೆ ಕೈ ಹಾಕಬೇಡಿ. ಒತ್ತಡದಲ್ಲಿರುವ ಬಿಸಿನೀರು ಮುಖಕ್ಕೆ ಚಿಮ್ಮುತ್ತದೆ.

ಗುಡುಗು, ಗಾಳಿ, ಬಿದ್ದ ತಂತಿ

ಮುಂಗಾರಿಗೆ ಮೊದಲೇ, ಏಪ್ರಿಲ್–ಮೇ ತಿಂಗಳ ಸಂಜೆಗಳಲ್ಲಿ ಗಾಳಿ, ಗುಡುಗು, ಆಲಿಕಲ್ಲು ಒಟ್ಟಿಗೆ ಬರುತ್ತವೆ. ಮಧ್ಯಾಹ್ನದ ಬಿಸಿಲಿಗೆ ಕಾದ ಗಾಳಿ ಮೇಲೇರಿ ಮೋಡವಾಗಿ ಸಂಜೆಗೆ ಸಿಡಿಯುತ್ತದೆ. ಆಗ ಬಯಲಿನಲ್ಲಿರುವವರಿಗಿಂತ ಕಾರಿನಲ್ಲಿರುವವರೇ ಕ್ಷೇಮ. ಟೈರಿನ ರಬ್ಬರಿನಿಂದ ರಕ್ಷಣೆ ಎಂದು ಹಲವರು ತಿಳಿದಿದ್ದಾರೆ. ಕಾಯುವುದು ಕಾರಿನ ಲೋಹದ ಮೈ. ಸಿಡಿಲಿನ ವಿದ್ಯುತ್ತು ಹೊರಮೈಯ ಮೇಲೆ ಹರಿದು ನೆಲ ಸೇರುತ್ತದೆ. ಗಾಜು ಏರಿಸಿ, ಲೋಹದ ಭಾಗ ಮುಟ್ಟದೆ, ಕೈಗಳನ್ನು ಮಡಿಲಲ್ಲಿಟ್ಟು ಕೂತಿರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗಿಳಿಯುವುದು ಬೇಡ. ಸಿಡಿಲಿನ ಮುನ್ಸೂಚನೆ ಕೊಡುವ 'ದಾಮಿನಿ' ಆ್ಯಪ್ ಕನ್ನಡಿಗರ ಮೊಬೈಲಿನಲ್ಲಿ ಇರಲೇಬೇಕಾದದ್ದು.

ಮರದಡಿ ನಿಲ್ಲಿಸುವ ಅಭ್ಯಾಸ ಗಾಳಿಯ ದಿನ ಕೈಬಿಡಿ. ಬೆಂಗಳೂರಿನ ಗುಲ್‌ಮೊಹರ್, ಮಳೆಮರಗಳ ಕೊಂಬೆಗಳು ಮೊದಲ ಬಿರುಗಾಳಿಗೇ ಬೀಳುವುದನ್ನು ಪ್ರತಿ ವರ್ಷ ನೋಡುತ್ತೇವೆ. ಕರೆಂಟಿನ ತಂತಿ ಕಾರಿನ ಮೇಲೆ ಬಿದ್ದರೆ ಒಳಗೇ ಕೂತು 1912ಕ್ಕೆ ಅಥವಾ 112ಕ್ಕೆ ಕರೆ ಮಾಡಬೇಕು. ಹತ್ತಿರ ಬರುವವರನ್ನು ಕೂಗಿ ದೂರ ನಿಲ್ಲಿಸಬೇಕು. ಕಾರಿಗೆ ಬೆಂಕಿ ಹತ್ತಿ ಇಳಿಯಲೇಬೇಕಾದರೆ ಕಾರನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಪಾದ ಜೋಡಿಸಿ ಜಿಗಿದು, ಪಾದ ಎತ್ತದೆ ಜರುಗುತ್ತಾ ದೂರ ಹೋಗಬೇಕು.

ನೀರು ಕಂಡರೆ ನಿಲ್ಲಿ

2023ರ ಮೇ 21ರ ಮಧ್ಯಾಹ್ನ ಬೆಂಗಳೂರಿನಲ್ಲಿ ಮಳೆ, ಆಲಿಕಲ್ಲು. ವಿಧಾನಸೌಧದಿಂದ ಕೂಗಳತೆಯ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನೀರು ತುಂಬಿತು. ಅದರೊಳಗೆ ಇಳಿದ ಕಾರಿನಲ್ಲಿ ಒಂದು ಕುಟುಂಬವಿತ್ತು. ಉಳಿದವರನ್ನು ಎಳೆದು ಕಾಪಾಡಿದರು, ಇಪ್ಪತ್ತರ ಹರೆಯದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬಳು ಉಳಿಯಲಿಲ್ಲ. ರಾಜಧಾನಿಯ ನಡುಮಧ್ಯೆ, ಹಗಲು ಹೊತ್ತಿನಲ್ಲಿ ನಡೆದದ್ದು ಇದು. ಆ ಸುದ್ದಿ ಓದಿದ ದಿನದಿಂದ ಅಂಡರ್‌ಪಾಸಿನ ಬಾಯಲ್ಲಿ ನೀರು ಕಂಡರೆ ನಾನು ಕಾರು ತಿರುಗಿಸುತ್ತೇನೆ.

ಒಂದು ಅಡಿ ಆಳದ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, ಎರಡು ಅಡಿ ನೀರು ದೊಡ್ಡ ಎಸ್‌ಯುವಿಯನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಸೇತುವೆಯ ಮೇಲೆ ಹಳ್ಳ ಹರಿಯುತ್ತಿರುವಾಗ ಕೆಳಗಿನ ರಸ್ತೆ ಉಳಿದಿದೆಯೇ ಎಂಬುದೇ ಕಾಣುವುದಿಲ್ಲ. ಮುಂದಿನ ಲಾರಿ ದಾಟಿತು ಎಂಬುದು ನಮಗೆ ಧೈರ್ಯವಾಗಬಾರದು. ಲಾರಿಯ ತೂಕ ಬೇರೆ, ನಮ್ಮ ತೂಕ ಬೇರೆ.

ನೀರಿನೊಳಗೆ ಎಂಜಿನ್ ನಿಂತರೆ ಮತ್ತೆ ಚಾಲು ಮಾಡಬೇಡಿ. ಒಳಗೆ ಸೇರಿದ ನೀರನ್ನು ಪಿಸ್ಟನ್ ಒತ್ತಲಾರದೆ ಎಂಜಿನ್ ಮುರಿಯುತ್ತದೆ. ಎಂಜಿನ್ನಿಗಿಂತ ಜೀವ ಮುಖ್ಯ. ಸೀಟ್ ಬೆಲ್ಟ್ ಬಿಚ್ಚಿ, ವಿದ್ಯುತ್ ಇರುವಾಗಲೇ ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ಕಿಟಕಿಯಿಂದಲೇ ಹೊರಬನ್ನಿ. ಹೊರಗಿನ ನೀರು ಒತ್ತಿ ಹಿಡಿದ ಬಾಗಿಲನ್ನು ತಳ್ಳಿ ಬಲ ಕಳೆದುಕೊಳ್ಳಬೇಡಿ. ಗಾಜು ಇಳಿಯದಿದ್ದರೆ ಗಾಜು ಒಡೆಯುವ ಸುತ್ತಿಗೆ ಬೇಕು. ಅದೇ ಸುತ್ತಿಗೆಯ ಹಿಡಿಯಲ್ಲಿ ಬೆಲ್ಟ್ ಕತ್ತರಿಸುವ ಅಲಗೂ ಇರುತ್ತದೆ. ಹೊಡೆಯಬೇಕಾದದ್ದು ಪಕ್ಕದ ಗಾಜಿನ ಮೂಲೆಗೆ. ಮುಂದಿನ ಗಾಜು ಪದರು ಸೇರಿಸಿ ಮಾಡಿದ್ದು, ಬಿರುಕು ಬಿಡುತ್ತದೆಯೇ ಹೊರತು ಪುಡಿಯಾಗುವುದಿಲ್ಲ. ಕೆಲವು ಹೊಸ ಕಾರುಗಳಲ್ಲಿ ಪಕ್ಕದ ಗಾಜೂ ಹಾಗೆಯೇ ಇರುತ್ತದೆ. ನಿಮ್ಮ ಕಾರಿನ ಯಾವ ಗಾಜು ಒಡೆಯುತ್ತದೆ ಎಂದು ಕೊಂಡಲ್ಲಿಯೇ ಕೇಳಿ ತಿಳಿದುಕೊಳ್ಳಿ.

ಈ ಸುತ್ತಿಗೆಯನ್ನು ಡಿಕ್ಕಿಯಲ್ಲಿಟ್ಟರೆ ಇಲ್ಲದ ಹಾಗೆಯೇ. ಚಾಲಕನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತು, ಕಣ್ಣು ಮುಚ್ಚಿ, ಕೈ ಚಾಚಿದರೆ ಸಿಗಬೇಕು. ಮನೆಯವರೆಲ್ಲರಿಗೂ ಅದರ ಜಾಗ ಗೊತ್ತಿರಬೇಕು.

ಘಾಟಿಯ ರಾತ್ರಿ

ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಲ್ಲಿ 14 ತಿರುವುಗಳಿವೆ. ಶಿರಾಡಿ, ಚಾರ್ಮಾಡಿ, ಸಂಪಾಜೆ, ದೇವಿಮನೆ ಎಲ್ಲಿಯೇ ಆಗಲಿ, ಕಾರು ಕೆಟ್ಟರೆ ಮೊದಲ ಕೆಲಸ ಹಿಂದಿನಿಂದ ಬರುವವರಿಗೆ ತಿಳಿಸುವುದು. ಕೆಟ್ಟು ನಿಂತ ಲಾರಿಯ ಹಿಂದೆ ಮರದ ಕೊಂಬೆ, ಕಲ್ಲು ಇಡುವುದನ್ನು ನಾವೆಲ್ಲ ನೋಡಿದ್ದೇವೆ. ಲಾರಿ ಹೋದ ಮೇಲೂ ಕಲ್ಲು ಅಲ್ಲೇ ಉಳಿದು ಬೈಕಿನವರ ಜೀವ ತೆಗೆಯುತ್ತದೆ. ಕಾರಿನ ಜೊತೆ ಕೊಟ್ಟ ಕೆಂಪು ತ್ರಿಕೋನ ಅದಕ್ಕೇ ಇರುವುದು. ನೇರ ರಸ್ತೆಯಲ್ಲಿ ಐವತ್ತು ಮೀಟರ್ ಹಿಂದೆ, ಘಾಟಿಯಲ್ಲಿ ತಿರುವಿನ ಆಚೆ ಇಡಿ. ಇಡಲು ಹೋಗುವವರ ಮೈಮೇಲೆ ಬೆಳಕಿಗೆ ಹೊಳೆಯುವ ಜಾಕೆಟ್ ಇರಲಿ. ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವುದು ಬೇಡ, ಅವು ನಿಂತ ಗಾಡಿಯ ಗುರುತು. ಓಡುವ ಗಾಡಿಯಲ್ಲಿ ಉರಿದರೆ ನೀವು ಯಾವ ಕಡೆ ತಿರುಗುತ್ತೀರೆಂದು ಹಿಂದಿನವರಿಗೆ ತಿಳಿಯುವುದಿಲ್ಲ.

ಕಾಯಬೇಕಾದ ರಾತ್ರಿಗೆ ಕಂಬಳಿಯೇ ಬೇಕು. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ, ಕಂಬಳಿ ಕೊಪ್ಪೆ ಹೊದ್ದು ಗದ್ದೆಗಿಳಿಯುತ್ತಿದ್ದ ಮಲೆನಾಡಿನವರಿಗೆ ಇದು ತಲೆಮಾರುಗಳ ಅನುಭವ. ಎರಡು ಮಳೆ ಕೋಟು, ಒಂದು ದೊಡ್ಡ ಟಾರ್ಪಾಲು, ಹಣೆಗೆ ಕಟ್ಟುವ ಟಾರ್ಚ್, ಎಳೆಯುವ ಹಗ್ಗ, ಒಂದು ಕತ್ತಿ, ಎರಡು ಗೋಣಿಚೀಲ. ಕೆಸರಿನಲ್ಲಿ ಚಕ್ರ ಸುತ್ತತೊಡಗಿದರೆ ಗೋಣಿಚೀಲವನ್ನು ಅದರ ಮುಂದೆ ಹಾಸಿದರೆ ಹಿಡಿತ ಸಿಗುತ್ತದೆ. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ನಿದ್ದೆ ಹೋಗುವುದು ಅಪಾಯ. ಹೊಗೆ ಕೊಳವೆ ಮಣ್ಣಿಗೋ ನೀರಿಗೋ ಮುಚ್ಚಿದ್ದರೆ ವಾಸನೆಯೇ ಇಲ್ಲದ ವಿಷಾನಿಲ ಒಳಗೆ ಸೇರುತ್ತದೆ.

ಫೋನ್ ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಡಿ. ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಜಿಲ್ಲಾ ವಿಪತ್ತು ಕೊಠಡಿಗೆ 1077. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆಯೂ 112ಕ್ಕೆ ಪ್ರಯತ್ನಿಸಿ, ಬೇರೆ ಕಂಪನಿಯ ಟವರಿನ ಮೂಲಕ ಹೋಗಬಹುದು. ಹೊರಡುವ ಮೊದಲು ಯಾವ ದಾರಿ, ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂದು ಮನೆಯಲ್ಲಿ ಹೇಳಿ ಹೋಗುವುದು ನಮ್ಮ ಹಿರಿಯರ ಪದ್ಧತಿ. ಅದನ್ನು ಮತ್ತೆ ಹಿಡಿಯೋಣ.

ಎಲ್ಲಿಡಬೇಕು

ಮೂರು ಜಾಗ. ಕೈಗೆ ಸಿಗುವಲ್ಲಿ ಸುತ್ತಿಗೆ, ಟಾರ್ಚ್, ನೀರು, ಸಂಖ್ಯೆಗಳ ಚೀಟಿ. ಮುಂದಿನ ಸೀಟಿನ ಕೆಳಗೆ ಪ್ರಥಮ ಚಿಕಿತ್ಸೆಯ ಡಬ್ಬಿ, ಒಂದು ಕೆ.ಜಿ.ಯ ಬೆಂಕಿ ನಂದಿಸುವ ಸಿಲಿಂಡರ್. ಅದು ಕಾಲಡಿಗೆ ಉರುಳಿ ಬಾರದಂತೆ ಬಿಗಿದಿರಬೇಕು, ಅದರ ಮುಳ್ಳು ಹಸಿರಿನಲ್ಲಿರಬೇಕು. ಡಿಕ್ಕಿಯಲ್ಲಿ ಒಂದು ಗಟ್ಟಿ ಚೀಲದೊಳಗೆ ತ್ರಿಕೋನ, ಜಾಕೆಟ್, ಹಗ್ಗ, ಕೇಬಲ್, ಹಲಗೆ, ಗೋಣಿ, ಟಾರ್ಪಾಲು, ಕಂಬಳಿ, ಟವೆಲು, ನೀರಿನ ಕ್ಯಾನ್, ಬುತ್ತಿಯ ಡಬ್ಬಿ. ಲಗೇಜಿನ ಅಡಿಯಲ್ಲಿ ಹೂತಿಡದೆ ಮೇಲಿಡಿ. ಮಳೆಯಲ್ಲಿ ಸೂಟ್‌ಕೇಸುಗಳನ್ನು ರಸ್ತೆಗಿಳಿಸಿ ಚೀಲ ಹುಡುಕುವ ಹೊತ್ತು ಯಾರಿಗೂ ಬರಬಾರದು.

ಇದರಲ್ಲಿ ಅರ್ಧಕ್ಕಿಂತ ಹೆಚ್ಚು ವಸ್ತುಗಳು ಈಗಾಗಲೇ ಮನೆಯಲ್ಲಿವೆ. ಕೊಳ್ಳಬೇಕಾದವು ಸುತ್ತಿಗೆ, ಕೇಬಲ್, ಬೆಂಕಿ ಸಿಲಿಂಡರ್, ಜಾಕೆಟ್. ಕಾರಿನ ಸೀಟಿಗೆ ಹೊಸ ಕವರು ಹಾಕಿಸುವುದಕ್ಕಿಂತ ಇದರ ಖರ್ಚು ಹೆಚ್ಚಾಗದು.

ಪಂಚಾಂಗಕ್ಕೆ ಕಟ್ಟಿದ ಚೀಲ

ಇಷ್ಟೆಲ್ಲ ಕಟ್ಟಿಟ್ಟು ಮರೆತರೆ ನನ್ನ ಟಾರ್ಚಿನ ಗತಿಯೇ. ಮರೆಯದಿರಲು ನಾನು ಜೀಪಿನ ಹಿರಿಯರ ದಾರಿ ಹಿಡಿದೆ. ವರ್ಷದಲ್ಲಿ ಮೂರು ದಿನ ಗೊತ್ತು ಮಾಡಿಕೊಂಡಿದ್ದೇನೆ.

ಮೊದಲನೆಯದು ಯುಗಾದಿ. ಅಂದು ಔಷಧಿ, ಪವರ್ ಬ್ಯಾಂಕ್, ಸೆಲ್ಲು, ಸ್ಪ್ರೇ ಡಬ್ಬಿಗಳು ಕಾರಿನಿಂದ ಹೊರಗೆ ಬರುತ್ತವೆ. ನೀರಿನ ಕ್ಯಾನ್, ಓಆರ್‌ಎಸ್, ಟವೆಲು, ಗಾಜಿಗೆ ಹಿಡಿಯುವ ಬಿಸಿಲು ಪರದೆ ಒಳಗೆ ಹೋಗುತ್ತವೆ. ಟೈರಿನ ಗಾಳಿ, ಸ್ಟೆಪ್ನಿಯ ಗಾಳಿ, ರೇಡಿಯೇಟರಿನ ಕೂಲೆಂಟ್ ನೋಡಿಸುತ್ತೇನೆ.

ಎರಡನೆಯದು ಮೃಗಶಿರಾ ಮಳೆ ಹುಟ್ಟುವ ಹಿಂದಿನ ಭಾನುವಾರ, ಜೂನ್ ಮೊದಲ ವಾರ. ಬೇಸಿಗೆ ಏನನ್ನು ಕೆಡಿಸಿದೆ ಎಂದು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡುವ ದಿನ ಅದು. ಟಾರ್ಚು ಹತ್ತಿಸುತ್ತೇನೆ, ಪ್ಲಾಸ್ಟರು ಅಂಟಿಸಿ ನೋಡುತ್ತೇನೆ, ವೈಪರ್ ಬದಲಿಸುತ್ತೇನೆ, ಬ್ಯಾಟರಿ ಪರೀಕ್ಷೆ ಮಾಡಿಸುತ್ತೇನೆ. ಕಂಬಳಿ, ಮಳೆ ಕೋಟು, ಉಪ್ಪಿನ ಪೊಟ್ಟಣ ಚೀಲ ಸೇರುತ್ತವೆ.

ಮೂರನೆಯದು ಆಯುಧಪೂಜೆ. ವಾಹನ ತೊಳೆದು, ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಡುವ ಹಬ್ಬ. ನಮ್ಮನ್ನು ಹೊತ್ತು ತಿರುಗಿದ ಆಯುಧಗಳಿಗೆ ಕೃತಜ್ಞತೆ ಹೇಳುವ ದಿನ. ಅಂದು ಚೀಲವನ್ನೂ ಪೂರ್ತಿ ಬರಿದು ಮಾಡಿ, ಒದ್ದೆಯಾದದ್ದನ್ನು ಬಿಸಿಲಿಗೆ ಹಾಕಿ, ಅವಧಿ ಮುಗಿದದ್ದನ್ನು ಎಸೆದು, ಕಾರಿನ ಪಕ್ಕದಲ್ಲೇ ಇಟ್ಟು ಪೂಜಿಸುತ್ತೇವೆ. ಮಗಳೀಗ ಹನ್ನೊಂದು ವರ್ಷದವಳು. ತ್ರಿಕೋನ ಬಿಡಿಸಿ ನಿಲ್ಲಿಸುವುದು, ಸುತ್ತಿಗೆ ಎಲ್ಲಿದೆ ಎಂದು ಅಜ್ಜಿಗೆ ಹೇಳಿಕೊಡುವುದು ಅವಳ ಪಾಲಿನ ಕೆಲಸ.

ಕಳೆದ ಮಳೆಗಾಲದಲ್ಲಿ ಶಿರಾಡಿಯಲ್ಲಿ ಮತ್ತೆ ಮೂರು ಗಂಟೆ ನಿಲ್ಲಬೇಕಾಯಿತು. ಮುಂದಿನ ಕಾರಿನಲ್ಲಿ ಹಸುಗೂಸಿನೊಂದಿಗೆ ಒಬ್ಬ ತಾಯಿ ಇದ್ದಳು. ನಮ್ಮ ಕಂಬಳಿ, ಪ್ಲಾಸ್ಕಿನ ಬಿಸಿನೀರು ಆ ಕಾರಿಗೆ ಹೋದವು. ರಸ್ತೆಯಲ್ಲಿ ಕಟ್ಟಿಕೊಂಡ ಬುತ್ತಿ ಯಾರ ಹಸಿವಿಗೆ ಒದಗುತ್ತದೆ ಎಂದು ಹೇಳಲಾಗದು. ಅಪಘಾತವಾದಾಗ ನೆರವಿಗೆ ಹೋದವರನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಕಾಡುವಂತಿಲ್ಲ ಎಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ. ಆದ್ದರಿಂದ ಹೆದರದೆ ನಿಲ್ಲಿ, ಕೈಲಾದದ್ದನ್ನು ಮಾಡಿ.

ಇವತ್ತು ಭಾನುವಾರ. ಈ ಪುರವಣಿ ಮಡಿಚಿಟ್ಟ ಮೇಲೆ ಕಾರಿನ ಬೀಗದ ಕೈ ತೆಗೆದುಕೊಂಡು ಕೆಳಗಿಳಿಯಿರಿ, ಡಿಕ್ಕಿ ತೆರೆಯಿರಿ, ಟಾರ್ಚಿನ ಗುಂಡಿ ಒತ್ತಿ ನೋಡಿ. ಅದು ಹತ್ತದಿದ್ದರೆ ಇವತ್ತೇ ಗೊತ್ತಾಗಲಿ, ಮನೆಯ ಅಂಗಳದಲ್ಲೇ ಗೊತ್ತಾಗಲಿ.